ಕಂಪನಿ ಮಲಗುತ್ತಿದ್ದ ಮಧ್ಯಾಹ್ನಗಳು

ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಮಲಗಬೇಕಾಗಿತ್ತು. ಬೇಕಾದವರು ಮಲಗಬಹುದು ಎಂದಲ್ಲ, ಮಲಗಲೇಬೇಕು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಆ ಕಟ್ಟಡದಲ್ಲಿ ಈಗ ನರ್ಸಿಂಗ್ ಕಾಲೇಜಿದೆ. ನಾವು ಚಾಪೆ ಹಾಸುತ್ತಿದ್ದ ದೊಡ್ಡ ಹಾಲಿನಲ್ಲಿ ಬಿಳಿ ಕೋಟು ತೊಟ್ಟ ಹುಡುಗಿಯರು ಪರೀಕ್ಷೆ ಬರೆಯುತ್ತಾರೆ. ಊಟದ ಹೊತ್ತಿನ ಮೇಲೆ ಆ ದಾರಿಯಲ್ಲಿ ಹೋಗಬೇಕಾಗಿ ಬಂದರೆ ಇವತ್ತಿಗೂ ನನ್ನ ಕಣ್ಣು ತಾನಾಗಿಯೇ ಎಳೆಯುತ್ತದೆ.

ನಮ್ಮೂರಿಗಿರುವುದು ಒಂದೇ ಕೆರೆ. ಊರಿನವರು ಚೆನ್ನಾಗಿ ನಿದ್ದೆ ಮಾಡಿದರೆ ಅದು ತುಂಬಿರುತ್ತದೆ, ನಿದ್ದೆಗೆಟ್ಟರೆ ಇಳಿಯುತ್ತದೆ. ಮಳೆ ಬಂದರೂ ಅಷ್ಟೆ, ಬಾರದಿದ್ದರೂ ಅಷ್ಟೆ. ಅದರ ಜೊತೆಗೇ ಹುಟ್ಟಿ ಬೆಳೆದ ನಮಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುತ್ತಿರಲಿಲ್ಲ. ಯಾರ ಮನೆಯ ಹಸುಗೂಸಾದರೂ ರಾತ್ರಿಯೆಲ್ಲ ಅತ್ತರೆ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರು ಬಂದು ಕೂಸನ್ನು ಎತ್ತಿಕೊಂಡು ಹೋಗಿ, ತಾಯಿಯನ್ನು ಮಲಗಿಸುತ್ತಿದ್ದರು. ಚಿಂತೆಯಿಂದ ಹೊರಳಾಡುತ್ತಾರೆಂದು ಗೊತ್ತಾದವರ ಮನೆಗೆ ಒಂದು ಪಾತ್ರೆ ಗಸಗಸೆ ಪಾಯಸ ಹೋಗುತ್ತಿತ್ತು. ಜಗಳಗಳು ಕೂಡ ಬೇಗ ಮುಗಿಯುತ್ತಿದ್ದವು. ಇಬ್ಬರು ಹಲ್ಲು ಕಚ್ಚಿಕೊಂಡು ಮಲಗಿದರೆ ಮರುದಿನ ಕೆರೆಯ ಮೆಟ್ಟಿಲು ಒಂದು ಹೆಚ್ಚಿಗೆ ಕಾಣಿಸುತ್ತಿತ್ತು. ಕೊಡ ಹಿಡಿದು ಬಂದವರೆಲ್ಲ ಅವರ ಮನೆಯ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದರು. ನನ್ನ ಅಮ್ಮ ಮಲಗಿಸುವುದರಲ್ಲಿ ಎತ್ತಿದ ಕೈ. ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತ, ಮುಖ್ಯವಲ್ಲದ ಮಾತುಗಳನ್ನೇ ಒಂದೇ ಧಾಟಿಯಲ್ಲಿ ಆಡುತ್ತ ಎಂಥವರಿಗೂ ನಿದ್ದೆ ಹತ್ತಿಸಿಬಿಡುತ್ತಿದ್ದಳು.

ಕಂಪನಿ ಬಂದದ್ದು ಆ ಕೆರೆಯನ್ನು ನೋಡಿಯೇ. ಎಲ್ಲೆಲ್ಲಿಯವರದೋ ಫೋಟೋಗಳು, ಬ್ಯಾಂಕಿನ ವಹಿವಾಟು, ಪತ್ರಗಳು, ಎಲ್ಲವನ್ನೂ ಕಾಪಿಡುವ ಕಂಪ್ಯೂಟರುಗಳನ್ನು ತಂದು ಬೀರುಗಳ ಹಾಗೆ ಸಾಲಾಗಿ ನಿಲ್ಲಿಸಿದರು. ಅವು ಹಗಲೂ ರಾತ್ರಿ ಗುಂಯ್ ಎನ್ನುತ್ತಿದ್ದವು. ಬಿಸಿಯೇರದ ಹಾಗೆ ಅವುಗಳ ಸುತ್ತ ಕೊಳವೆಗಳಲ್ಲಿ ಕೆರೆಯ ನೀರು ಓಡಬೇಕಿತ್ತು. ಹಾಗೆ ಓಡಿದ ನೀರು ಬೆಚ್ಚಗಾಗಿ ಕೆಳಗಿನ ಕಾಲುವೆಗೆ ಬೀಳುತ್ತಿತ್ತು. ಚಳಿಗಾಲದಲ್ಲಿ ಬಟ್ಟೆ ಒಗೆಯುವವರು ಅಲ್ಲಿ ಜಾಗಕ್ಕೆ ಪೈಪೋಟಿ ನಡೆಸುತ್ತಿದ್ದರು. ಆದರೆ ಮೊದಲ ವರ್ಷ ಕಂಪನಿಯವರು ನೂರಾರು ಜನರನ್ನು ರಾತ್ರಿ ಪಾಳಿಯಲ್ಲಿ ದುಡಿಸಿದರು, ಹಗಲಲ್ಲೂ ಬಿಡಲಿಲ್ಲ. ಕೆರೆ ತಳ ಕಂಡಿತು. ಎಲ್ಲಿಂದಲೋ ತಜ್ಞರು ಬಂದು ಹೂಳೆತ್ತಿಸಿದರು, ನಲ್ಲಿಗಳನ್ನು ಬದಲಾಯಿಸಿದರು, ತಾರಸಿಯ ಮೇಲೆ ಮಳೆನೀರು ಹಿಡಿಯುವ ತೊಟ್ಟಿಗಳನ್ನು ಕಟ್ಟಿದರು. ಕೆರೆ ಕದಲಲಿಲ್ಲ.

ಆಗ ಇಲ್ಲಿಯ ಮುಖ್ಯಸ್ಥರಾಗಿದ್ದವರು ಜಯಕೀರ್ತಿ ಎಂಬುವರು. ಸಣ್ಣ ಮೈಕಟ್ಟಿನ, ಮೆಲುದನಿಯ ಮನುಷ್ಯ. ಒಂದು ಸಂಜೆ ಅವರೊಬ್ಬರೇ ಕೆರೆ ಏರಿಯ ಮೇಲೆ ಬಂದು, ಅಲ್ಲಿ ಕೂತಿದ್ದವರನ್ನು ಏನು ಮಾಡಬೇಕೆಂದು ಕೇಳಿದರು. ಅಮ್ಮನೂ ಅಲ್ಲಿದ್ದಳು. ನಿಮ್ಮ ಜನ ನಿದ್ದೆ ಮಾಡಬೇಕು, ಬೇರೇನಿಲ್ಲ, ಎಂದಳಂತೆ. ಅವರು ನಗಲಿಲ್ಲ. ಎಷ್ಟು ಹೊತ್ತು, ಯಾವಾಗ, ಹೇಗೆ ಎಂದು ವಿಚಾರಿಸಿ ಕೇಳಿಕೊಂಡು ಹೋದರು. ಅದಾದ ಮೇಲೆ ರಾತ್ರಿ ಪಾಳಿ ಅರ್ಧಕ್ಕೆ ಇಳಿಯಿತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಉಳಿದವರೆಲ್ಲ ಮನೆ ಸೇರಬೇಕೆಂದಾಯಿತು, ಮಧ್ಯಾಹ್ನದ ನಿದ್ದೆ ನಿಯಮವಾಯಿತು. ಅದನ್ನು ನೋಡಿಕೊಳ್ಳಲು ನೌಕರರ ಕ್ಷೇಮ ವಿಭಾಗ ತೆರೆದು, ಮಲಗಿಸುವವಳ ಮಗಳೆಂಬ ಕಾರಣಕ್ಕೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು.

ಎಂಥ ದಿನಗಳವು! ಹಾಲಿನ ಹೊರಗೆ ಚಪ್ಪಲಿ, ಬೂಟುಗಳ ರಾಶಿ. ಒಳಗೆ ಕಿಟಕಿಗಳಿಗೆ ಒದ್ದೆ ಮಾಡಿದ ಲಾವಂಚದ ತಟ್ಟಿ. ಮೊದಮೊದಲು ದೊಡ್ಡ ಓದು ಓದಿದ ಎಂಜಿನಿಯರುಗಳು ನಾಚಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ತಿಂಗಳು ಕಳೆಯುವುದರೊಳಗೆ ನನ್ನ ಚಾಪೆ, ನನ್ನ ಜಾಗ ಎಂದು ತಕರಾರು ತೆಗೆಯತೊಡಗಿದರು. ಹೊರಊರಿನ ಗಿರಾಕಿಗಳು ಆ ಹೊತ್ತಿನಲ್ಲಿ ಫೋನು ಮಾಡಿದರೆ ನಾವು ಯಾರೂ ಎತ್ತುತ್ತಿರಲಿಲ್ಲ. ಕೆರೆ ತುಂಬಿ ಕೋಡಿ ಹರಿಯಿತು. ಕಂಪನಿಗೆ ನೀರಿನ ಉಳಿತಾಯಕ್ಕಾಗಿ ಪ್ರಶಸ್ತಿಗಳು ಬಂದವು. ವರ್ಷದ ವರದಿಯಲ್ಲಿ ಎಲ್ಲ ಕೀರ್ತಿಯನ್ನೂ ಹೊಸ ನಲ್ಲಿಗಳಿಗೆ ಕೊಟ್ಟಿದ್ದರು. ಅದನ್ನು ಓದಿ ಹೇಳಿದಾಗ ಅಮ್ಮ ಸುಮ್ಮನೆ ನಕ್ಕಿದ್ದಳು.

ಯಂತ್ರಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವಳು ಶೈಲಜಾ ಅಂಗಡಿ. ಉತ್ತರದ ಬಯಲುಸೀಮೆಯ ಕಡೆಯವಳು. ಮಾತಿನಲ್ಲಿ ಸಕ್ಕರೆ ಕಡಿಮೆ. ತಪ್ಪು ಮಾಡಿದವರನ್ನು ಎಲ್ಲರೆದುರೇ ಬೈಯುತ್ತಿದ್ದಳು, ಅವರ ಮನೆಯಲ್ಲಿ ಕಾಯಿಲೆಯೆಂದರೆ ಊಟದ ಡಬ್ಬಿ ಹಿಡಿದು ಮೊದಲು ಹೋಗುತ್ತಿದ್ದವಳೂ ಅವಳೇ. ಅವಳ ಗಂಡ ಮಹಾಂತೇಶ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಭಾರೀ ಆಳು. ಸಂಜೆ ಇಬ್ಬರೂ ಕೆರೆ ಏರಿಯ ಮೇಲೆ ಯಾವುದೋ ವಿಷಯಕ್ಕೆ ವಾದ ಮಾಡುತ್ತ ನಡೆಯುವುದನ್ನು ಊರೆಲ್ಲ ನೋಡುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಮಹಾಂತೇಶ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ಕುರ್ಚಿಯಲ್ಲಿ ಕೂತರು. ಮೇಷ್ಟ್ರು ದಣಿದಿದ್ದಾರೆಂದು ಮಕ್ಕಳು ಸದ್ದು ಮಾಡದೆ ಕಾದರು. ಪಕ್ಕದ ತರಗತಿಯವರು ಬಂದು ನೋಡುವ ಹೊತ್ತಿಗೆ ಉಸಿರು ಹೋಗಿತ್ತು. ಕೆರೆಯಾಚೆ ದಿಬ್ಬದ ಮೇಲೆ ಅವರನ್ನು ಸಮಾಧಿ ಮಾಡಿದರು.

ಶೈಲಜಾ ಹೆಚ್ಚು ದಿನ ಮನೆಯಲ್ಲಿ ಕೂರದೆ ಕೆಲಸಕ್ಕೆ ಬಂದಳು. ಕೆಲಸದಲ್ಲಿ ಒಂದು ಲೋಪವಿಲ್ಲ. ಆದರೆ ಕೆರೆ ಇಳಿಯತೊಡಗಿತು. ಊರಿಗೆ ಊರೇ ಜಾತ್ರೆ ನೋಡಿ ಒಂದು ರಾತ್ರಿ ಎದ್ದಿದ್ದರೂ ನಮ್ಮ ಕೆರೆ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಒಬ್ಬರು ದುಃಖದಿಂದ ಕಣ್ಣು ಮುಚ್ಚದಿದ್ದರೆ ಮಾತ್ರ ತಡೆಯುವುದಿಲ್ಲ. ಯಾರ ನಿದ್ದೆ ಹೋಗಿದೆಯೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನಾವು ಗೊತ್ತಿದ್ದದ್ದನ್ನೆಲ್ಲ ಮಾಡಿದೆವು. ಪಾಯಸ ಹೋಯಿತು, ಬಿಸಿ ಹಾಲು ಹೋಯಿತು, ಡಾಕ್ಟರ ಮಾತ್ರೆಯೂ ಆಯಿತು. ಮಾತ್ರೆಯಿಂದ ಅವಳಿಗೆ ಮಂಪರು ಬಂತೇ ಹೊರತು ಕೆರೆ ಅದನ್ನು ನಿದ್ದೆಯೆಂದು ಒಪ್ಪಲಿಲ್ಲ. ಕೊನೆಗೆ ನಾನು ಅಮ್ಮನನ್ನೇ ಕರೆದುಕೊಂಡು ಹೋದೆ. ಅಮ್ಮನಿಗೆ ಆಗಲೇ ವಯಸ್ಸಾಗಿತ್ತು, ಬೆರಳು ನಡುಗುತ್ತಿದ್ದವು. ಎಣ್ಣೆ ತಿಕ್ಕುತ್ತ, ಯಾವುದೋ ಕಾಲದಲ್ಲಿ ಕಳೆದುಹೋದ ಎಮ್ಮೆಯ ಕಥೆಯನ್ನು ಹೇಳುತ್ತ ಬಹಳ ಹೊತ್ತು ಕೂತಳು. ಶೈಲಜಾ ಕಣ್ಣು ಮುಚ್ಚಿದಳು, ಉಸಿರು ನಿಧಾನವಾಯಿತು. ಹೊರಗೆ ಬಂದ ಮೇಲೆ ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು, "ಕಣ್ಣು ಮುಚ್ಕೊಂಡಿದಾಳೆ ಅಷ್ಟೆ. ನಂಗೆ ಬೇಜಾರಾಗ್ಬಾರ್ದು ಅಂತ," ಎಂದಳು.

ಮಧ್ಯಾಹ್ನ ಹಾಲಿನಲ್ಲಿ ಮಲಗುವುದೂ ಅವಳಿಂದಾಗುತ್ತಿರಲಿಲ್ಲ. ಸುತ್ತ ಎಲ್ಲರೂ ನಿದ್ದೆಹೋದಾಗ ಒಬ್ಬಳೇ ಎಚ್ಚರವಾಗಿರುವುದು ಹಿಂಸೆ ಎಂದು ಒಮ್ಮೆ ಹೇಳಿದಳು. ಆ ಹೊತ್ತಿನಲ್ಲಿ ಯಂತ್ರಗಳ ಕೋಣೆಯಲ್ಲಿ ಕೂತಿರಲು ನಾನೇ ಅವಳಿಗೆ ಅವಕಾಶ ಮಾಡಿಕೊಟ್ಟೆ.

ಕೆರೆಯಲ್ಲಿ ಕಲ್ಲುಗಳು ಕಾಣಿಸಿಕೊಂಡವು. ಕಂಪನಿಯ ಮುಖ್ಯ ಕಚೇರಿ ದೂರದ ಪಟ್ಟಣದಲ್ಲಿತ್ತು. ಅಲ್ಲಿಂದ ಒಂದು ಸೂಚನೆ ಬಂತು. ಶೈಲಜಾ ಅಂಗಡಿಯವರನ್ನು ಬೇರೆ ಊರಿನ ಶಾಖೆಗೆ ಕಳಿಸಿ, ಅಲ್ಲಿಯ ನೀರಿಗೂ ನಿದ್ದೆಗೂ ಸಂಬಂಧವಿಲ್ಲ, ಇದು ಅವರ ಕ್ಷೇಮಕ್ಕೂ ಒಳ್ಳೆಯದು, ಎಂಬುದು ಅದರ ಸಾರ. ಜಯಕೀರ್ತಿಯವರು ನನ್ನನ್ನು ಕರೆದು, ಅವಳ ಮನಸ್ಸಿನಲ್ಲಿ ಏನಿದೆ ತಿಳಿದುಕೊಂಡು ಬನ್ನಿ ಎಂದರು. ನಾನು ಮನೆಗೆ ಹೋಗಿ ನೋಡಿದರೆ ಅವಳು ಆಗಲೇ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಒಬ್ಬಾಕಿ ಸಲುವಾಗಿ ಊರ ಮಂದಿಗೆಲ್ಲಾ ನೀರಿಲ್ಲಂದ್ರ ಹ್ಯಾಂಗ ಅಕ್ಕಾ," ಎಂದಳು. "ನಾ ಹೋಗ್ತೀನಿ. ಅವ್ರು ಇಲ್ಲೇ ಇರ್ತಾರ, ಅದೊಂದ ಸಂಕಟ."

ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿಂದ ಕೆರೆಯಾಚೆಯ ದಿಬ್ಬ ಕಾಣುತ್ತಿತ್ತು.

ಆ ವಾರ ಏರಿಯ ಮೇಲೆ ಊರವರು ಸೇರಿದರು. ಜಯಕೀರ್ತಿಯವರೂ ಬಂದು ಹಿಂದೆ ಒಂದು ಕಲ್ಲಿನ ಮೇಲೆ ಕೂತರು. ಅವಳು ಹೋಗುವುದೇ ಎಲ್ಲರಿಗೂ ಒಳ್ಳೆಯದು ಎಂದು ಕೆಲವರು ಹೇಳಿದರು. ಕೆಟ್ಟ ಜನರಲ್ಲ ಅವರು. ಅವರ ಬಾವಿಗಳು ಬತ್ತಿದ್ದವು. ಇನ್ನು ಕೆಲವರು ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಅಮ್ಮ ಎದ್ದಳು.

"ನಿದ್ದೆ ಬರ್ದೋರ್ ಪಕ್ದಲ್ಲಿ ಕೂತ್ಕೊಳ್ಳೋದನ್ನ ನೋಡಿದೀನಿ. ಊರು ಬಿಡ್ಸೋದನ್ನ ನೋಡಿಲ್ಲ ಕಣ್ರಪ್ಪ. ಇವತ್ತು ಅವಳು. ನಾಳೆ ನಾನು ಸತ್ತಾಗ ನನ್ನ ಮಗಳಿಗೆ ನಿದ್ದೆ ಬರ್ದೆ ಹೋದ್ರೆ ಅವಳ್ನೂ ಕಳಿಸ್ತೀರಾ?"

ಸಭೆ ಯಾವ ತೀರ್ಮಾನವೂ ಇಲ್ಲದೆ ಚದುರಿತು. ನಾನು ಅಮ್ಮನ ಕೈ ಹಿಡಿದು ಏರಿ ಇಳಿಯುವಾಗ ಜಯಕೀರ್ತಿಯವರು ಜೊತೆಗೆ ಬಂದರು. ಅವಳ ದುಃಖವನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ, ಆದರೆ ನೀರಿನ ಖರ್ಚು ನಮ್ಮ ಕೈಯಲ್ಲಿದೆ, ಎಂದರು. ನನಗೆ ಪೂರ್ತಿ ಅರ್ಥವಾಗಲಿಲ್ಲ. ಮರುದಿನ ಅವರು ಅರ್ಧದಷ್ಟು ಯಂತ್ರಗಳನ್ನು ನಿಲ್ಲಿಸಿದರು.

ಅದೇನು ಸಣ್ಣ ಸಂಗತಿಯೇ? ಮುಖ್ಯ ಕಚೇರಿಯಿಂದ ಫೋನಿನ ಮೇಲೆ ಫೋನು. ಎಲ್ಲೋ ಯಾರಿಗೋ ತಮ್ಮ ಫೋಟೋ ಸಿಗುತ್ತಿರಲಿಲ್ಲ, ಇನ್ನಾರಿಗೋ ಪತ್ರ ತಡವಾಗಿ ತಲುಪುತ್ತಿತ್ತು. ಜಯಕೀರ್ತಿಯವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ನಮ್ಮಲ್ಲಿ ಒಬ್ಬರ ಮನೆಯಲ್ಲಿ ಸಾವಾಗಿದೆ, ಸ್ವಲ್ಪ ದಿನ ಕೆಲಸ ನಿಧಾನ. ಶೈಲಜಾ ಜಯಕೀರ್ತಿಯವರ ಕೋಣೆಗೆ ಹೋಗಿ ಜಗಳವಾಡಿದಳು. ತನಗಾಗಿ ಇದೆಲ್ಲ ಬೇಡ ಎಂದಳು. ಅವರು, ನಿಮಗಾಗಿಯೇ ಅಲ್ಲ, ನಾಳೆ ನನಗೂ ಬೇಕಾಗಬಹುದು, ಎಂದು ಹೇಳಿ ಅವಳನ್ನು ವಾಪಸ್ಸು ಕಳಿಸಿದರು.

ಅರ್ಧ ಯಂತ್ರಗಳು ನಿಂತಾಗ ಕಟ್ಟಡಕ್ಕೆ ಬೇರೆಯೇ ಒಂದು ಕಿವಿ ಬಂದಹಾಗಾಯಿತು. ಅದುವರೆಗೆ ಆ ಗುಂಯ್‌ಗುಡುವ ಸದ್ದಿನಲ್ಲಿ ಮುಳುಗಿದ್ದ ಸದ್ದುಗಳೆಲ್ಲ ಹೊರಬಂದವು: ಕ್ಯಾಂಟೀನಿನ ತಟ್ಟೆಗಳದು, ಕಾಲುವೆಯ ಕಡೆ ಬಟ್ಟೆ ಬಡಿಯುವುದು. ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಮ್ಮಲ್ಲಿ ಕೆಲವರ ಗೊರಕೆಯಿಂದ ಹಾಲಿನಲ್ಲಿ ಉಳಿದವರಿಗೆ ತೊಂದರೆಯಾಗುತ್ತಿತ್ತು. ಹಾಗಾಗಿ ಅಂಥವರಿಗೆ ಯಂತ್ರಗಳ ಕೋಣೆಯ ಪಕ್ಕದ ಹಳೆಯ ಸ್ಟೋರಿನಲ್ಲಿ ಮಲಗುವ ಏರ್ಪಾಡು ಮಾಡಿದ್ದೆ. ಯಂತ್ರಗಳ ಸದ್ದಿನಲ್ಲಿ ಅವರ ಸದ್ದು ಮುಚ್ಚಿಹೋಗಲಿ ಎಂದು. ಆ ಗುಂಪಿನ ಹಿರಿಯರು ವಿದ್ಯುತ್ ವಿಭಾಗದ ರುದ್ರಾಚಾರ್. ಅವರು ಮಲಗಿದರೆ ಸ್ಟೋರಿನ ಡಬ್ಬಗಳು ಅದುರುತ್ತವೆಂದು ಕ್ಯಾಂಟೀನಿನವರು ತಮಾಷೆ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾನು ಶೈಲಜಾಗೆ ಮಜ್ಜಿಗೆ ತೆಗೆದುಕೊಂಡು ಹೋದೆ. ಯಂತ್ರಗಳ ಕೋಣೆಯಲ್ಲಿ ಅವಳಿರಲಿಲ್ಲ. ನೀರಿನ ಕೊಳವೆಗಳ ಕಡೆ ನೋಡಿದೆ, ತಾರಸಿಗೆ ಹೋದೆ. ಕೆಳಗಿಳಿದು ಕಾರಿಡಾರಿನ ತಿರುವಿಗೆ ಬಂದಾಗ ಕಂಡಳು. ಸ್ಟೋರಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಗಲ್ಲ ಎದೆಗೆ ಇಳಿದಿತ್ತು. ಬೀಗದ ಕೈಗೊಂಚಲು ಮಡಿಲಲ್ಲಿ ಬಿದ್ದಿತ್ತು. ಒಳಗೆ ರುದ್ರಾಚಾರ್ ಗೊರಕೆ ಏರುತ್ತ, ಇಳಿಯುತ್ತ, ನಡುವೆ ಎಲ್ಲೋ ಸಿಕ್ಕಿಕೊಂಡು ಮತ್ತೆ ಬಿಡಿಸಿಕೊಂಡು ಬರುತ್ತಿತ್ತು. ನಾನು ಹತ್ತಿರ ಬಗ್ಗಿ ನೋಡಿದೆ. ಅದು ಕಣ್ಣು ಮುಚ್ಚಿಕೊಂಡದ್ದಲ್ಲ. ಅಮ್ಮನ ಮಗಳಾಗಿ ನನಗೆ ಅಷ್ಟು ಗೊತ್ತಾಗುತ್ತಿತ್ತು.

ಮಜ್ಜಿಗೆಯ ಲೋಟ ಹಿಡಿದುಕೊಂಡೇ ನಾನು ಕಾರಿಡಾರಿನಲ್ಲಿ ಕಾವಲು ನಿಂತೆ. ಏಳುವ ಹೊತ್ತಾಯಿತು. ಸ್ಟೋರಿನ ಬಾಗಿಲು ತೆರೆದುಕೊಳ್ಳುವುದು ಹೊರಕ್ಕೆ. ಒಳಗಿನವರು ಬಾಗಿಲು ತಳ್ಳಿದರೆ ಅವಳಿಗೆ ಎಚ್ಚರವಾಗುತ್ತದೆ. ನಾನು ಹೊರಗಿನಿಂದ ಸುತ್ತಿಕೊಂಡು ಹೋಗಿ ಸ್ಟೋರಿನ ಕಿಟಕಿಯಲ್ಲಿ ಕೈಸನ್ನೆ ಮಾಡಿ ವಿಷಯ ತಿಳಿಸಿದೆ. ಆ ದಪ್ಪ ದಪ್ಪ ಗಂಡಸರು, ಅವರಲ್ಲಿ ಒಬ್ಬರು ದೊಡ್ಡ ಅಧಿಕಾರಿ, ಬೂಟು ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಕಿಟಕಿಯಿಂದ ಇಳಿದರು. ಒಬ್ಬರ ಅಂಗಿ ಸಿಕ್ಕಿಕೊಂಡು ಹರಿಯಿತು. ಯಾರೂ ಉಸಿರೆತ್ತಲಿಲ್ಲ. ಕೊನೆಯಲ್ಲಿ ರುದ್ರಾಚಾರ್ ಕಿಟಕಿಯವರೆಗೆ ಬಂದು ನಿಂತು, ತಾನು ಹೊರಟರೆ ಒಳಗೆ ಸದ್ದು ನಿಲ್ಲುತ್ತದಲ್ಲ ಎಂದು ಪಿಸುಗುಟ್ಟಿದರು. ತಾವೇ ತಿರುಗಿ ಹೋಗಿ ಚಾಪೆಯ ಮೇಲೆ ಮಲಗಿ ಗೊರಕೆ ಶುರು ಮಾಡಿದರು. ಬಿಸಿಲು ಇಳಿಯುವವರೆಗೆ ಬಿಡದೆ ಹೊಡೆದರು.

"ಎಚ್ಚರವಾಗಿದ್ದು ಗೊರಕೆ ಹೊಡೆಯೋದು ಎಷ್ಟು ಕಷ್ಟ ಗೊತ್ತಾ ಮೇಡಂ," ಎಂದು ಆಮೇಲೆ ಗಂಟಲು ಹಿಡಿದುಕೊಂಡು ಹೇಳಿದರು.

ಸಂಜೆ ಶೈಲಜಾ ಎದ್ದಾಗ ಗಲ್ಲದ ಮೇಲೆ ಅಂಗಿಯ ಗುಂಡಿಯ ಅಚ್ಚು ಮೂಡಿತ್ತು. ನಾನು ಪಕ್ಕದಲ್ಲಿ ಕೂತಿರುವುದನ್ನು ನೋಡಿ ಮಡಿಲಿನ ಕೈಗೊಂಚಲನ್ನು ಎತ್ತಿ ಪಕ್ಕಕ್ಕಿಟ್ಟಳು.

"ಮನೀ ಭಾಳ ಸುಮ್ಮನ ಐತ್ರೀ ಅಕ್ಕಾ," ಎಂದಳು. "ಅವ್ರ ಗೊರಕಿಗೆ ನಿದ್ದಿ ಬರಂಗಿಲ್ಲಂತ ದಿನಾ ಜಗಳಾ ತೆಗೀತಿದ್ದೆ. ಎಷ್ಟೋ ಸಲ ಹೊರಗಿನ ಖೋಲ್ಯಾಗ ಮಲಗಿಸೀನಿ. ಈಗ ನೋಡ್ರಿ."

ಹಾಗೆಂದು ನಕ್ಕಳು. ನಗುತ್ತಿದ್ದಂತೆಯೇ ಅದು ಅಳುವಾಯಿತು. ಮಹಾಂತೇಶ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಅವಳು ಅತ್ತು ಮುಗಿಸುವವರೆಗೆ ನಾವಿಬ್ಬರೂ ಆ ಕಾರಿಡಾರಿನ ನೆಲದ ಮೇಲೆ ಹಾಗೆಯೇ ಕೂತಿದ್ದೆವು.

ಸುದ್ದಿ ಊರಲ್ಲಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ರುದ್ರಾಚಾರ್ ಹೆಂಡತಿ ಭದ್ರಮ್ಮ ಮಾರನೆಯ ದಿನವೇ ಹಾಸಿಗೆ ಸುತ್ತಿಕೊಂಡು ಗಂಡನ ಸಮೇತ ಶೈಲಜಾಳ ಮನೆಯ ಹೊರಕೋಣೆಗೆ ಬಂದಳು. ಇಷ್ಟು ವರ್ಷ ಈ ಸದ್ದನ್ನು ತಾನೊಬ್ಬಳೇ ಸಹಿಸಿಕೊಂಡದ್ದು ಸಾಕು, ಇನ್ನು ನಾವಿಬ್ಬರೂ ಹಂಚಿಕೊಳ್ಳೋಣ, ಎಂದಳಂತೆ. ಅವರು ಅಲ್ಲಿ ಬಹಳ ದಿನ ಇದ್ದರು. ಬೆಳಗಿನ ತಿಂಡಿಯನ್ನು ಒಂದು ದಿನ ಭದ್ರಮ್ಮ ಮಾಡಿದರೆ ಇನ್ನೊಂದು ದಿನ ಶೈಲಜಾ ರೊಟ್ಟಿ ಬಡಿಯುತ್ತಿದ್ದಳು. ಕೆರೆಯ ಕಲ್ಲುಗಳು ಒಂದೊಂದೇ ನೀರಿನಡಿ ಹೋದವು. ಬಾವಿ ಬತ್ತಿದ್ದವರು ಶೈಲಜಾಳ ಮನೆಗೆ ತಮ್ಮ ಹಿತ್ತಲ ನುಗ್ಗೆಕಾಯಿ ತಂದುಕೊಟ್ಟು ಹೋದರು. ಯಂತ್ರಗಳು ಮತ್ತೆ ಶುರುವಾದವು. ಬರಬರುತ್ತ ಅವಳಿಗೆ ಸದ್ದಿಲ್ಲದೆಯೂ ನಿದ್ದೆ ಬರತೊಡಗಿತು. ಆಗ ಭದ್ರಮ್ಮ ಹಾಸಿಗೆ ಸುತ್ತಿಕೊಂಡು, ಕೊಂಚ ಬೇಸರದಿಂದಲೇ, ತನ್ನ ಮನೆಗೆ ಹೋದಳು.

ಆದರೆ ಮುಖ್ಯ ಕಚೇರಿ ಜಯಕೀರ್ತಿಯವರನ್ನು ಮರೆಯಲಿಲ್ಲ. ಅವರನ್ನು ಇಲ್ಲಿಂದ ತೆಗೆದು, ಅಲ್ಲಿಗೆ ಬಂದು ಸಮಜಾಯಿಷಿ ಕೊಡಲು ಹೇಳಿದರು. ಮುಂದೆ ಯಾವ ಹುದ್ದೆಯೆಂದು ಹೇಳಿರಲಿಲ್ಲ. ಕಂಪನಿ ಅವರ ನಂತರವೂ ಕೆಲವು ವರ್ಷ ಇಲ್ಲಿತ್ತು. ನೀರೇ ಬೇಡದ ಹೊಸ ಯಂತ್ರಗಳು ಬಂದ ಮೇಲೆ ಬಾಗಿಲು ಮುಚ್ಚಿಕೊಂಡು ಬೇರೆ ಕಡೆ ಹೋಯಿತು. ಈಗ ಅಮ್ಮನೂ ಇಲ್ಲ. ಅವಳು ಹೋದಾಗ ನನ್ನ ಪಕ್ಕದಲ್ಲಿ ಬಂದು ಮಲಗಿದವಳು ಶೈಲಜಾ. ಅದೆಲ್ಲ ಬೇರೆ ಮಾತು. ಆ ಕಂಪನಿಯೆಂದರೆ ನನಗೆ ಮೊದಲು ನೆನಪಾಗುವುದು ಜಯಕೀರ್ತಿಯವರು ಹೊರಟ ದಿನ.

ಊಟವಾದ ಮೇಲೆ ಕಾರು ಬರುವುದಿತ್ತು, ಸಾಯಂಕಾಲದ ರೈಲು. ಅವರು ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಉಂಡರು, ಎಲ್ಲರ ಕೈ ಕುಲುಕಿದರು. ಎಲ್ಲರೂ ಮಲಗಲು ಹೋದಾಗ ಅವರು ಹಾಲಿನ ಬಾಗಿಲಲ್ಲಿ ನಿಂತುಕೊಂಡರು. ನಿಯಮ ಮಾಡಿದವರು ಅವರೇ ಆದರೂ ಒಂದು ದಿನವೂ ಅವರು ಅಲ್ಲಿ ಮಲಗಿರಲಿಲ್ಲ. ನಾವೆಲ್ಲ ಮಲಗಿದ ಹೊತ್ತಿನಲ್ಲಿ ಮುಖ್ಯ ಕಚೇರಿ ಎಚ್ಚರವಾಗಿರುತ್ತಿತ್ತು. ಅಲ್ಲಿಂದ ಬರುವ ಫೋನಿಗೆ ಉತ್ತರ ಹೇಳಲು ಯಾರಾದರೂ ಬೇಕಲ್ಲ. ಅದನ್ನು ನಾನು ಯೋಚಿಸಿದ್ದು ಅವತ್ತೇ.

"ದಾಕ್ಷಾಯಣಿ, ನಾನೂ ಸ್ವಲ್ಪ ಹೊತ್ತು ಮಲಗಲಾ?" ಎಂದು ನನ್ನನ್ನು ಕೇಳಿದರು.

ನಾನು ಕಿಟಕಿಯ ಪಕ್ಕ ಚಾಪೆ ಹಾಸಿದೆ. ಅವರು ಬೂಟು ಬಿಚ್ಚಿ, ಕೋಟನ್ನು ಮಡಿಸಿ ತಲೆಯಡಿ ಇಟ್ಟುಕೊಂಡು ಮಗುವಿನ ಹಾಗೆ ಮಗ್ಗುಲಾದರು. ಕಣ್ಣೆವೆ ಮುಚ್ಚಿದ್ದೇ ತಡ, ನಿದ್ದೆ. ಕಾರು ಬಂತು. ಡ್ರೈವರು ಒಳಗೆ ಇಣುಕಿ ನೋಡಿ, ಹೋಗಿ ಮೆಟ್ಟಿಲ ಮೇಲೆ ಕೂತ. ಏಳುವ ಹೊತ್ತಾಯಿತು, ಎದ್ದವರೆಲ್ಲ ಚಾಪೆ ಸುತ್ತದೆ ತುದಿಗಾಲಲ್ಲಿ ಹೊರಗೆ ಹೋದರು. ರೈಲಿನ ಹೊತ್ತು ಮೀರುತ್ತಿತ್ತು. ಎಬ್ಬಿಸಬೇಕೇನೋ ಎಂದು ನಾನು ಎರಡು ಸಲ ಹತ್ತಿರ ಹೋಗಿ ಎರಡು ಸಲವೂ ಹಿಂದೆ ಬಂದೆ.

ಅಷ್ಟರಲ್ಲಿ ಅವರ ಕೋಣೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿಂತು, ಮತ್ತೆ ಹೊಡೆದುಕೊಂಡಿತು. ಕಾರಿಡಾರಿನಲ್ಲಿದ್ದ ಶೈಲಜಾ ಬೇಗ ಬೇಗ ಹೋಗಿ ಎತ್ತಿದಳು. ಅವಳ ಹಿಂದೆ ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಂತ ನನಗೆ ಆ ಕಡೆಯ ದನಿ ಏರುವುದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

"ಸಾಹೇಬ್ರು ಮಲಗ್ಯಾರ್ರೀ," ಎಂದಳು ಅವಳು.

ಆ ಕಡೆಯವರು ಬಹಳ ಹೊತ್ತು ಏನೇನೋ ಹೇಳಿದರು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಇಲ್ಲರೀ, ಎಬ್ಬಸೂದಿಲ್ಲ. ಎದ್ದ ಮ್ಯಾಲೆ ನಾನ ಹೇಳ್ತೀನಿ."

ಅವಳು ರಿಸೀವರನ್ನು ಫೋನಿನ ಮೇಲೆ ಇಡಲಿಲ್ಲ. ಮೇಜಿನ ಮೇಲೆ ಮೆಲ್ಲಗೆ ಮಗ್ಗುಲಾಗಿ ಮಲಗಿಸಿ, ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಬಂದಳು.